ಟವೆಲಿನ ಕೆಳಗೆ ಹೇಳಿದ ಎಣಿಕೆ

೧೯೯೫ರಲ್ಲಿ ನಾನು ಸೊಲ್ಲಾಪುರದ ಒಂದು ಕ್ರಿಶ್ಚಿಯನ್ ಕಾಲೇಜಿನಲ್ಲಿ ಕ್ಲಿನಿಕಲ್ ಸೈಕಾಲಜಿಯ ಪಿಎಚ್.ಡಿ. ತರಬೇತಿಯ ಎರಡನೆಯ ವರ್ಷದಲ್ಲಿದ್ದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಔಷಧ ಬರೆಯುವ ವೈದ್ಯನಲ್ಲ. ಮನಸ್ಸಿನ ಕಾಯಿಲೆಯನ್ನು ಪರೀಕ್ಷೆಗಳಿಂದ ಅಳೆದು, ಮಾತುಕತೆಯಿಂದ ಚಿಕಿತ್ಸೆ ಕೊಡುವವನು. ಆಗ ನನಗೆ ಮೂವತ್ತೊಂದು ವರ್ಷ. ಜೊತೆಯವರೆಲ್ಲ ಇಪ್ಪತ್ತನಾಲ್ಕು, ಇಪ್ಪತ್ತೈದರವರು. ಅವರು ಕಾಲೇಜಿನಿಂದ ಕಾಲೇಜಿಗೆ ಬಂದಿದ್ದರು. ನಾನು ದುಧನಿಯ ದನದ ಸಂತೆಯಿಂದ ಬಂದಿದ್ದೆ.

ನಮ್ಮಪ್ಪ ಎತ್ತಿನ ದಲಾಲ. ಹದಿನಾರನೆಯ ವಯಸ್ಸಿನಿಂದ ಆರು ವರ್ಷ ನಾನೂ ಅದೇ ಕೆಲಸ ಮಾಡಿದೆ. ಆಮೇಲೆ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಗುಮಾಸ್ತನಾಗಿ, ಹೊರಗಿನಿಂದ ಪರೀಕ್ಷೆ ಕಟ್ಟಿ ಬಿ.ಎ., ಎಂ.ಎ. ಮುಗಿಸಿದೆ. ಪಿಎಚ್.ಡಿ. ಸಂದರ್ಶನದಲ್ಲಿ ವಿಭಾಗದ ಮುಖ್ಯಸ್ಥೆ ಗಾಯಕವಾಡ ಮೇಡಂ ನನ್ನ ಅರ್ಜಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ದಲಾಲಗ ಇಲ್ಲೇನ ಕೆಲಸ ರೇ?" ಎಂದು ಕೇಳಿದರು.

"ಸುಳ್ಳ ಹೇಳೋ ಮಂದಿ ಮಾರಿ ನೋಡೋದು ಆರು ವರ್ಷ ಮಾಡೀನ್ರಿ ಮೇಡಂ. ಅದಕ್ಕ ನೀವು ಸರ್ಟಿಫಿಕೇಟ್ ಕೊಡ್ತೀರಿ ಅಂತ ಕೇಳಿ ಬಂದೆ," ಎಂದೆ.

ಅವರು ನಗಲಿಲ್ಲ, ಆದರೆ ಸೀಟು ಕೊಟ್ಟರು. ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. ವಾರ್ಡಿನಲ್ಲೂ ತರಗತಿಯಲ್ಲೂ ನಾನು 'ದಲಾಲ'.

ದನದ ಸಂತೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಮೇಲೆ ಒಂದು ಟವೆಲ್ ಹಾಕಿಕೊಂಡು, ಅದರ ಕೆಳಗೆ ಬೆರಳು ಹಿಡಿದು ಚೌಕಾಸಿ ಮಾಡುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು. ಐದರ ಮೇಲಿನದಕ್ಕೆ ಅಂಗೈ ಬಿಟ್ಟು ಮತ್ತೆ ಬೆರಳು. ಸುತ್ತ ನೂರು ಜನ ನಿಂತಿದ್ದರೂ ಎಣಿಕೆ ಇಬ್ಬರಿಗೇ ಗೊತ್ತು. ಸೊನ್ನೆಗೆ ಗುರುತಿಲ್ಲ. ಕೊಡುವುದೇ ಇಲ್ಲ ಎಂದರೆ ಕೈ ಎಳೆದುಕೊಳ್ಳಬೇಕು. ಕೈ ಎಳೆದರೆ ಮಾತು ಮುರಿಯಿತು. ಟವೆಲಿನ ಕೆಳಗಿನ ಎಣಿಕೆಯನ್ನು ಹೊರಗೆ ಹೇಳಿದವನ ಕೈಯನ್ನು ಸಂತೆಯಲ್ಲಿ ಮತ್ತೆ ಯಾರೂ ಹಿಡಿಯುವುದಿಲ್ಲ.

ಕಾಲೇಜಿನ ತರಬೇತಿ ಹೀಗಿತ್ತು. ಸೋಮವಾರ, ಮಂಗಳವಾರ ತರಗತಿ. ಬುಧವಾರದಿಂದ ಶುಕ್ರವಾರದವರೆಗೆ ಕಾಲೇಜಿಗೆ ಸೇರಿದ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಕೆಲಸ. ಅಲ್ಲಿ ಹನ್ನೆರಡು ಹಾಸಿಗೆಗಳಿದ್ದವು. ಶನಿವಾರ ಕೇಸ್ ಕಾನ್ಫರೆನ್ಸ್, ಅಂದರೆ ತರಬೇತಿಯವರು ತಮ್ಮ ರೋಗಿಯ ವಿಷಯವನ್ನು ಎಲ್ಲರ ಮುಂದೆ ಮಂಡಿಸಿ ಬೈಸಿಕೊಳ್ಳುವ ಸಭೆ. ಬೆಳಗಿನ ಎಂಟಕ್ಕೆ ಚಾಪೆಲ್ ಗಂಟೆ. ಅದರ ಹಿಂದೆಯೇ ಮೇಡಂ ವಾರ್ಡಿಗೆ ಬಂದು ಎರಡು ಸಾಲು ಪ್ರಾರ್ಥನೆ ಹೇಳಿ, ಮೂರನೆಯ ಸಾಲಿನಿಂದ ಬೈಗುಳ ಶುರು ಮಾಡುತ್ತಿದ್ದರು. ಅವರ ನಿಯಮಗಳು ನೇರವಾಗಿದ್ದವು. ರೋಗಿಗೂ ಬಾಗಿಲಿಗೂ ನಡುವೆ ಕೂರಬೇಡ. ಜೇಬಿನಲ್ಲಿ ಪೆನ್ನು ಇಡಬೇಡ. ರೋಗಿ ಹೇಳಿದ್ದು ರೋಗಿಯದು. ಮೊದಲಿನ ಎರಡನ್ನು ನಾನು ಆಗಲೇ ಕಲಿತೆ. ಮೂರನೆಯದು ನನಗೆ ಮೊದಲೇ ಗೊತ್ತು ಎಂದುಕೊಂಡಿದ್ದೆ. ಹೊಸಬರಿಗೆ ನನ್ನ ಒಂದು ಸಲಹೆ: ಗೊತ್ತು ಎಂದುಕೊಂಡ ನಿಯಮವನ್ನೇ ದಿನಾ ಬೆಳಗ್ಗೆ ಒಮ್ಮೆ ಓದಿಕೊಳ್ಳಿ.

ಆ ವರ್ಷದ ಜುಲೈನಲ್ಲಿ ಒಂದು ಮಧ್ಯಾಹ್ನ ಅಕ್ಕಲಕೋಟೆಯಿಂದ ಜೀಪೊಂದು ಬಂತು. ಹಿಂದಿನ ಸೀಟುಗಳ ನಡುವೆ ಒಬ್ಬ ಮನುಷ್ಯನನ್ನು ದನ ಕಟ್ಟುವ ಹಗ್ಗದಿಂದ ಕಟ್ಟಿ ಮಲಗಿಸಿದ್ದರು. ಅವನನ್ನು ಇಲ್ಲಿ ಶರಣಪ್ಪ ಎಂದು ಕರೆಯುತ್ತೇನೆ. ಈ ಬರಹದ ಹೆಸರುಗಳೆಲ್ಲ ಬದಲಾದವು. ವಯಸ್ಸು ಮೂವತ್ತೆಂಟು, ಉದ್ಯೋಗ ಎತ್ತಿನ ವ್ಯಾಪಾರ. ಜೊತೆಗೆ ಅವನ ಅಣ್ಣ ಈರಣ್ಣ ಮತ್ತು ಹೆಂಡತಿ ಕಮಲವ್ವ. ಕಮಲವ್ವನ ತಲೆಗೆ ಪಟ್ಟಿ ಕಟ್ಟಿತ್ತು. ನಾಲ್ಕು ದಿನ ಹಿಂದೆ ಶರಣಪ್ಪ ನೊಗದ ಗೂಟ ತೆಗೆದುಕೊಂಡು ಹೊಡೆದಿದ್ದ, ಹನ್ನೊಂದು ಹೊಲಿಗೆ. ಅದಕ್ಕೂ ಮೊದಲು ಪಕ್ಕದ ಮನೆಯವನ ಮೂಗು ಮುರಿದಿದ್ದ. ಆಮೇಲೆ ಮಾತೇ ನಿಲ್ಲಿಸಿದ್ದ.

"ಇವನ ಕತಿ ಮುಗದದ್ರಿ ಡಾಕ್ಟರ್," ಎಂದ ಈರಣ್ಣ. "ದೊಡ್ಡ ಹುಚ್ಚಾಸ್ಪತ್ರಿಗೆ ಬರದು ಕೊಡ್ರಿ. ಕಾಯಮ್ ಅಲ್ಲೇ ಇರ್ಲಿ."

ಕಮಲವ್ವ ಪಟ್ಟಿಯ ಮೇಲೆ ಸೆರಗು ಎಳೆದುಕೊಂಡಳು. "ಕಾಯಮ್ ಅನಬ್ಯಾಡ್ರಿ ಭಾವಾ. ಹೊಡಸ್ಕೊಂಡಾಕಿ ನಾ. ಎಷ್ಟ ದಿವಸ ಇಡಬೇಕು ಅನ್ನೋದು ನಾ ಹೇಳತೀನಿ."

ಹಗ್ಗ ಬಿಚ್ಚಿದ ಮರುಕ್ಷಣ ಶರಣಪ್ಪ ತನ್ನ ತಲೆಯನ್ನೇ ಗುಂಡಿನಂತೆ ಎಸೆದು ವಾರ್ಡ್ ಅಟೆಂಡರನ ಮುಖಕ್ಕೆ ಗುದ್ದಿದ. ಅಟೆಂಡರನ ಮುಂದಿನ ಎರಡು ಹಲ್ಲು ನೆಲಕ್ಕೆ ಬಿದ್ದವು. ಸುಣ್ಣದ ಗೋಡೆಗೆ ಎದೆಯೆತ್ತರಕ್ಕೆ ರಕ್ತ ಸಿಡಿಯಿತು. ನಾಲ್ವರು ಸೇರಿ ಕೆಡವಿದೆವು. ವೈದ್ಯರು ಇಂಜೆಕ್ಷನ್ ಕೊಟ್ಟರು, ಮುಂಗೈಗಳನ್ನು ಮಂಚಕ್ಕೆ ಕಟ್ಟಿದರು. ದಾಖಲೆಯಲ್ಲಿ 'ತೀವ್ರ ಸೈಕೋಸಿಸ್' ಎಂದು ಬರೆದರು, ಅಂದರೆ ವಾಸ್ತವದ ಹಿಡಿತ ತಪ್ಪಿದ ಸ್ಥಿತಿ. ಕೇಸು ನನಗೆ ಬಂತು.

ಎರಡು ವಾರ ನನ್ನ ಯಾವ ಪರೀಕ್ಷೆಯೂ ನಡೆಯಲಿಲ್ಲ. ಶಾಯಿ ಕಲೆಗಳ ಕಾರ್ಡು ತೋರಿಸಿದರೆ ಮುಖ ತಿರುಗಿಸುತ್ತಿದ್ದ. ಮರಾಠಿಯಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಉತ್ತರವಿಲ್ಲ. ಒಂದು ದಿನ ಊಟದ ಹೊತ್ತಿಗೆ ಒಂದು ಕೈ ಬಿಚ್ಚಿ, ಅನ್ನ ಚೆಲ್ಲದಿರಲೆಂದು ತೊಡೆಯ ಮೇಲೆ ಟವೆಲ್ ಹಾಸಿದರು. ಅವನ ಬಲಗೈ ತಾನಾಗಿ ಟವೆಲಿನ ಕೆಳಗೆ ಹೋಯಿತು. ಬಟ್ಟೆಯ ಕೆಳಗೆ ಹೆಬ್ಬೆರಳು ಉಳಿದ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಿರುವುದು ಕಂಡಿತು. ಆರು ವರ್ಷ ಅದೇ ಕೆಲಸ ಮಾಡಿದವನಿಗೆ ಅದು ಕಾಣದೆ ಇದ್ದೀತೇ? ನಾನು ಎದುರು ಕೂತು, ಟವೆಲಿನ ಕೆಳಗೆ ಕೈ ಹಾಕಿ, "ಕಟ್ಟು ಬಿಚ್ಚಬೇಕಂದ್ರ ಎಷ್ಟ ದಿವಸ ಯಾರಿಗೂ ಹೊಡ್ಯಾಂಗಿಲ್ಲ ನೀ?" ಎಂದೆ.

ಅವನು ಮೊದಲ ಬಾರಿಗೆ ನನ್ನ ಮುಖ ನೋಡಿದ. ಎರಡು ಬೆರಳು ಹಿಡಿದ. ನಾನು ಅಂಗೈ ಹಿಡಿದು ಬಿಟ್ಟು ಮತ್ತೆ ಮೂರು ಬೆರಳು ಹಿಡಿದೆ, ಎಂಟು. ಐದಕ್ಕೆ ಮುಗಿಯಿತು.

ಐದು ದಿನ ಅವನು ಒಬ್ಬರ ಮೈಯನ್ನೂ ಮುಟ್ಟಲಿಲ್ಲ. ಆರನೆಯ ದಿನ ಕಟ್ಟು ಬಿಚ್ಚಿಸಿದೆ. ವಾರ್ಡಿನಲ್ಲಿ ನನ್ನ ಬೆಲೆ ಏರಿತು. ವೈದ್ಯರು ಬಂದು ನೋಡಿದರು, ಸಿಸ್ಟರ್‌ಗಳು ಬಂದು ನೋಡಿದರು. ಮೇಡಂ ಮಾತ್ರ, "ಅಂವ ಮಾತ ಉಳಿಸ್ಕೊಂಡಾನ. ನೀ ಉಳಿಸ್ಕೊಂತಿ ಏನ್ ನೋಡೋಣು," ಎಂದು ಹೋದರು.

ನಿಧಾನವಾಗಿ ಅವನು ಮಾತಾಡತೊಡಗಿದ, ದಿನಕ್ಕೆ ಎರಡು ಮಾತು, ನಾಲ್ಕು ಮಾತು. ಆಸ್ಪತ್ರೆಗೆ ಬಂದ ಇಪ್ಪತ್ತಮೂರನೆಯ ದಿನ ಬೆಳಗ್ಗೆ ತಾನೇ ಟವೆಲ್ ಕೈಗೆತ್ತಿಕೊಂಡು ಬಂದು ಎದುರು ಕೂತ.

"ನಮ್ಮವ್ವ ಬಾವ್ಯಾಗ ಬಿದ್ದು ಸತ್ತಿಲ್ಲ," ಎಂದ. "ದನದ ಕೊಟಿಗ್ಯಾಗ ಅಪ್ಪ ನೊಗದ ಗೂಟದ್ಲೆ ಹೊಡದ. ನಾ ಗ್ವಾದ್ಲಿ ತೆಳಗ ಇದ್ದೆ."

ಗ್ವಾದಲಿ ಎಂದರೆ ದನಕ್ಕೆ ಮೇವು ಹಾಕುವ, ಗಿಡ್ಡ ಕಂಬಗಳ ಮೇಲೆ ಕೂರಿಸಿದ ಕಲ್ಲಿನ ತೊಟ್ಟಿ. ಆಗ ಅವನಿಗೆ ಏಳು ವರ್ಷ. ತಾಯಿ ಎರಡು ಸಲ ಬಾಗಿಲವರೆಗೆ ತೆವಳಿ ಹೋಗಿ ತಳ್ಳಿದಳಂತೆ. ಬಾಗಿಲನ್ನು ಹೊರಗಿನಿಂದ ಯಾರೋ ಹಿಡಿದಿದ್ದರಂತೆ. ಯಾರು ಎಂದು ಅವನಿಗೆ ಗೊತ್ತಿರಲಿಲ್ಲ. ಎಷ್ಟು ಏಟು ಎಂಬುದು ಮಾತ್ರ ಗೊತ್ತಿತ್ತು, ಏಕೆಂದರೆ ಅವನು ಎಣಿಸಿದ್ದ. ಆ ಎಣಿಕೆಯನ್ನು ಬಾಯಿಂದ ಹೇಳಲಿಲ್ಲ. ಟವೆಲಿನ ಕೆಳಗೆ ನನ್ನ ಬೆರಳು ಹಿಡಿದು ಹೇಳಿದ. ಮೂವತ್ತೊಂದು ವರ್ಷ ಒಳಗೆ ಇಟ್ಟುಕೊಂಡದ್ದನ್ನು ನನ್ನ ಕೈಗೆ ಕೊಟ್ಟು, ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಇದು ಗುರುವಾರದ ಮಾತು. ಶನಿವಾರ ಕೇಸ್ ಕಾನ್ಫರೆನ್ಸ್. ಶುಕ್ರವಾರ ಈರಣ್ಣ ಬುತ್ತಿ ತಂದ. ನಮ್ಮ ಕೇಸ್ ಫೈಲಿನಲ್ಲಿ 'ಕೊಲ್ಯಾಟರಲ್ ಹಿಸ್ಟರಿ' ಎಂಬ ಒಂದು ಭಾಗವಿರುತ್ತದೆ. ರೋಗಿ ಹೇಳಿದ್ದನ್ನು ಮನೆಯವರನ್ನು ಕೇಳಿ ತಾಳೆ ನೋಡುವುದು. ನಮ್ಮ ಕಡೆ ರೋಗಿ ಒಬ್ಬನೇ ಬರುವುದಿಲ್ಲ. ಮನೆಯವರು ಜೊತೆಗೆ ಬರುತ್ತಾರೆ, ಅವನ ಪರವಾಗಿ ಉತ್ತರ ಹೇಳುತ್ತಾರೆ, ನಾವೂ ಅವರನ್ನೇ ಕೇಳುತ್ತೇವೆ. ನಾನು ಈರಣ್ಣನನ್ನು ಕೋಣೆಗೆ ಕರೆದು ಕೂರಿಸಿದೆ.

"ನಿಮ್ಮವ್ವ ಹೆಂಗ ತೀರಿಕೊಂಡ್ರು?"

"ಬಾವ್ಯಾಗ ಬಿದ್ರು. ನೀರಿಗೆ ಹೋದಾಗ."

"ಶರಣಪ್ಪ ಬ್ಯಾರೆ ಹೇಳ್ತಾನಲ್ರಿ," ಎಂದು ನಾನು ಎಲ್ಲವನ್ನೂ ಹೇಳಿದೆ. ಕೊಟ್ಟಿಗೆ, ಗೂಟ, ಬಾಗಿಲು ಎಲ್ಲ ಹೇಳಿದೆ. ಎಷ್ಟು ಏಟು ಎಂಬುದನ್ನೂ ಹೇಳಿಬಿಟ್ಟೆ. ಆ ಎಣಿಕೆ ಹೇಳಿದರೆ ಅವನು ಬೆಚ್ಚುತ್ತಾನೆ, ಬೆಚ್ಚಿದರೆ ಸತ್ಯ ಎಂದು ತಾಳೆಯಾಗುತ್ತದೆ ಎಂಬ ದಲಾಲನ ಲೆಕ್ಕ ನನ್ನದು. ಈರಣ್ಣ ಬೆಚ್ಚಲಿಲ್ಲ. ಬುತ್ತಿಯ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಒತ್ತಿ ಮುಚ್ಚಿ, "ಹುಚ್ಚರ ಮಾತು ಬರಕೋಳಾಕ ಸರ್ಕಾರ ನಿಮಗ ಪೆನ್ ಕೊಟ್ಟದ ಏನು?" ಎಂದು ಎದ್ದು ಹೋದ.

ಶನಿವಾರ ನಾನು ಕೇಸು ಮಂಡಿಸಿದೆ. ಜೊತೆಯವರು ಮೇಜು ಕುಟ್ಟಿ ಮೆಚ್ಚಿಕೊಂಡರು. ಮೇಡಂ ಕನ್ನಡಕ ತೆಗೆದರು.

"ಅಣ್ಣಗ ಕೇಳತೀನಿ ಅಂತ ಶರಣಪ್ಪಗ ಹೇಳಿದ್ಯಾ?"

"ಕೊಲ್ಯಾಟರಲ್ ಹಿಸ್ಟರಿ ಫಾರ್ಮಿನ್ಯಾಗ ಅದ ಮೇಡಂ."

"ಫಾರ್ಮಿನ್ಯಾಗ ಅದ. ಅವನ ಪರವಾನಗಿ ಅದ ಏನು? ದುಧನಿ ಸಂತ್ಯಾಗ ಹಿಂಗ ಮಾಡಿದ್ರ ಏನ್ ಆಗ್ತಿತ್ತು, ದಲಾಲ?"

ನನ್ನ ಬಳಿ ಉತ್ತರ ಇತ್ತು. ಫೈಲು ಮುಚ್ಚಿ ಕೂತೆ.

ಸೋಮವಾರ ಬೆಳಗ್ಗೆ ನಾವು ತರಗತಿಯಲ್ಲಿದ್ದಾಗ ಈರಣ್ಣ ಬಂದು, ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇನೆ ಎಂದು ಸಹಿ ಮಾಡಿ ತಮ್ಮನನ್ನು ಜೀಪಿಗೆ ಹತ್ತಿಸಿದ. ಶರಣಪ್ಪ ತಕರಾರು ಮಾಡಲಿಲ್ಲವಂತೆ. ಮನೆಗೆ ಕರೆದೊಯ್ದವರು ಅವನನ್ನು ಅದೇ ದನದ ಕೊಟ್ಟಿಗೆಯಲ್ಲಿ, ಅದೇ ಗ್ವಾದಲಿಯ ಕಂಬಕ್ಕೆ, ಎತ್ತಿನ ಸರಪಳಿಯಿಂದ ಕಟ್ಟಿದರು. ದಿನಾ ಬೆಳಗ್ಗೆ ಈರಣ್ಣ ಬಾಗಿಲಲ್ಲಿ ನಿಂತು ಅವನು ಹೇಳಿದ ಎಣಿಕೆಯನ್ನು ಕೂಗಿ, "ಇಷ್ಟ ಏನ್ಲೇ? ಇನ್ನೊಮ್ಮಿ ಎಣಸಿ ಹೇಳು," ಎಂದು ಹಂಗಿಸುತ್ತಿದ್ದನಂತೆ. ಇದು ಆಮೇಲೆ ಕಮಲವ್ವ ಹೇಳಿದ್ದು.

ಒಂಬತ್ತನೆಯ ದಿನ, ಬೆಳಗಿನ ಹತ್ತು ಗಂಟೆಗೆ, ವಾರ್ಡಿನ ಫೋನ್ ಹೊಡೆಯಿತು. ಅಕ್ಕಲಕೋಟೆಯ ಎಸ್‌ಟಿಡಿ ಬೂತಿನಿಂದ ಕಮಲವ್ವ.

"ಸರಪಳಿ ಕಿತ್ಕೊಂಡಾನ್ರಿ. ಕೊಡ್ಲಿ ಹಿಡದಾನ. ಭಾವ ಒಳಗ ಸಿಕ್ಕಾನ. ಹೊರಗ ಓಣಿ ಮಂದಿ ಬಡಿಗಿ ಹಿಡದು ನಿಂತಾರ. ಅಂವ ಹೊರಗ ಬಂದ್ರ ಇವರು ಕೊಲ್ಲತಾರ, ಬರದಿದ್ರ ಅಂವ ಭಾವಗ ಕೊಲ್ಲತಾನ. ನಿಮ್ಮ ಮಾತಿಗೇ ಆಗೇದ ಇದು. ಬರ್ರಿ."

ಆಸ್ಪತ್ರೆಯ ಜೀಪಿನಲ್ಲಿ ನಾನೂ ಮೇಡಂ ಹೊರಟೆವು. ಸುಮಾರು ನಲವತ್ತು ಕಿಲೋಮೀಟರ್ ದಾರಿ. ಮೇಡಂ ಒಂದೇ ಮಾತು ಆಡಿದರು: "ಒಳಗ ಹೋದ ಮ್ಯಾಲೆ ಸುಳ್ಳ ಹೇಳಬ್ಯಾಡ. ಒಳ್ಳೇದಕ್ಕೂ ಹೇಳಬ್ಯಾಡ."

ನಾವು ಮುಟ್ಟಿದಾಗ ಅಂಗಳದಲ್ಲಿ ಹದಿನೈದು ಇಪ್ಪತ್ತು ಜನ ಬಡಿಗೆ, ಹಾರೆ ಹಿಡಿದು ನಿಂತಿದ್ದರು. ಒಬ್ಬ ಕಾನ್‌ಸ್ಟೆಬಲ್ ಜಗಲಿಯ ಮೇಲೆ ಕೂತು, ಸಾಹೇಬರು ಬರುತ್ತಾರೆ ಎನ್ನುತ್ತಿದ್ದ. ಕೊಟ್ಟಿಗೆಗೆ ಬಾಗಿಲು ಇರಲಿಲ್ಲ. ಅದನ್ನು ಶರಣಪ್ಪ ಕೊಡಲಿಯಿಂದ ಕಡಿದು ಸೌದೆ ಮಾಡಿದ್ದ. ತಡೆಯಲು ಹೋದ ಈರಣ್ಣನ ಎಡ ಮುಂಗೈಗೆ ಏಟು ಬಿದ್ದಿತ್ತು. ಹೊಸ್ತಿಲಿನಿಂದ ಒಳಗಿನವರೆಗೆ, ಎಳೆದುಕೊಂಡು ಹೋದ ಹಾಗೆ, ರಕ್ತದ ಪಟ್ಟೆ.

ಮೇಡಂ ಅಂಗಳದ ನಡುವೆ ನಿಂತು ಚೀಲದಿಂದ ನೋಟ್‌ಬುಕ್ ತೆಗೆದರು. "ಪಂಚನಾಮಾಕ್ಕ ಹೆಸರು ಬೇಕಾಗ್ತಾವ," ಎಂದು ಕಾನ್‌ಸ್ಟೆಬಲ್‌ಗೆ ಕೇಳುವಂತೆ ಹೇಳಿ, ಎಲ್ಲಕ್ಕಿಂತ ದೊಡ್ಡ ಹಾರೆ ಹಿಡಿದವನ ಮುಂದೆ ಹೋಗಿ, "ನಿಮ್ಮ ಹೆಸರು? ತಂದಿ ಹೆಸರು? ಸ್ಪೆಲ್ಲಿಂಗ್ ಹೇಳ್ರಿ," ಎಂದರು. ಅವನು ಹಾರೆಯನ್ನು ಗೋಡೆಗೆ ಒರಗಿಸಿದ. ಪಕ್ಕದವನು ಬಡಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅಷ್ಟರಲ್ಲಿ ಹಿಂದಿನ ಸಾಲು ಕರಗತೊಡಗಿತ್ತು. ಗುಂಪನ್ನು ಒಡೆಯುವ ಇಷ್ಟು ಒಳ್ಳೆಯ ಉಪಾಯವನ್ನು ನಾನು ಸಂತೆಯಲ್ಲೂ ನೋಡಿರಲಿಲ್ಲ, ಇಂದಿಗೂ ಉಪಯೋಗಿಸುತ್ತೇನೆ.

ಕಮಲವ್ವ ಹಗ್ಗದ ಮೇಲೆ ಒಣಗಿದ್ದ ಒಂದು ಟವೆಲ್ ಕಿತ್ತು ನನ್ನ ಕೈಗೆ ಕೊಟ್ಟಳು. ನಾನು ಪೆನ್ನನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದೆ.

ಕೊಟ್ಟಿಗೆಯಲ್ಲಿ ಸಗಣಿಯ ಜೊತೆ ರಕ್ತದ ವಾಸನೆ. ಈರಣ್ಣ ಗ್ವಾದಲಿಯ ಕೆಳಗೆ ತೂರಿ ಕೂತಿದ್ದ, ಮೂವತ್ತೊಂದು ವರ್ಷದ ಹಿಂದೆ ತಮ್ಮ ಕೂತ ಜಾಗದಲ್ಲೇ. ಶರಣಪ್ಪ ಅವನ ಮುಂದೆ ನಿಂತಿದ್ದ. ಹೊರಗಿನಿಂದ ಎಸೆದ ಕಲ್ಲು ತಾಗಿ ಅವನ ಹಣೆ ಒಡೆದಿತ್ತು. ಕಾಲಿನಲ್ಲಿ ಸರಪಳಿಯ ಒಂದು ತುಂಡು. ನಾನು ಬಾಗಿಲ ದಾರಿ ಬಿಟ್ಟು ಪಕ್ಕಕ್ಕೆ ಸರಿಯುವಷ್ಟರಲ್ಲಿ ಅವನು ಕೊಡಲಿಯ ಹಿಡಿಕೆಯ ತುದಿಯಿಂದ ನನ್ನ ಭುಜಕ್ಕೆ ಹೊಡೆದ. ಗೋಡೆಗೆ ಬಿದ್ದು ಕೆಳಗೆ ಕೂತೆ.

"ನೀ ಎಣಿಕಿ ಹೇಳಿದಿ."

"ಹೇಳಿದೆ."

"ಯಾಕ?"

ಒಳ್ಳೆಯ ಉತ್ತರಗಳು ನಾಲ್ಕಾರು ಇದ್ದವು. ಫಾರ್ಮಿನ ಮಾತು ಹೇಳಬಹುದಿತ್ತು. "ಎಲ್ಲಾರ ಮುಂದ ಶ್ಯಾಣ್ಯಾ ಅನ್ನಿಸ್ಕೋಬೇಕಾಗಿತ್ತು," ಎಂದೆ.

ಗ್ವಾದಲಿಯ ಕೆಳಗೆ ಈರಣ್ಣ ನರಳಿದ. ನಾನು ಬಲಗೈ ಚಾಚಿ ಅದರ ಮೇಲೆ ಟವೆಲ್ ಹಾಕಿ ಕಾದೆ. ಒಮ್ಮೆ ಮಾತು ಮುರಿದವನ ಕೈಯನ್ನು ಯಾವ ವ್ಯಾಪಾರಿಯೂ ಹಿಡಿಯುವುದಿಲ್ಲ. ಅವನೂ ಹಿಡಿಯದಿದ್ದರೆ ಅದು ನ್ಯಾಯವೇ ಆಗಿತ್ತು. ಕೊಡಲಿಯನ್ನು ಬಲಗೈಯಲ್ಲೇ ಇಟ್ಟುಕೊಂಡು ಅವನು ಕುಕ್ಕರುಗಾಲಲ್ಲಿ ಕೂತು ಎಡಗೈಯನ್ನು ಟವೆಲಿನ ಕೆಳಗೆ ಹಾಕಿದ.

"ಯಾವುದರ ಲೆಕ್ಕ?" ಎಂದೆ.

"ಏಟು."

"ಯಾರಿಗಿ?"

ಕೊಡಲಿಯ ಮೊನೆ ಈರಣ್ಣನ ಕಡೆ ತಿರುಗಿತು. ಟವೆಲಿನ ಕೆಳಗೆ ಅವನ ಬೆರಳು ಹೇಳಿದ ಎಣಿಕೆ ಅದೇ, ಏಳು ವರ್ಷದ ಮಗು ಎಣಿಸಿದ್ದು.

ಚೌಕಾಸಿಯಲ್ಲಿ ಮೊದಲ ಬೆಲೆಗೆ ಆಗುವುದಿಲ್ಲ ಎನ್ನಬಾರದು. ಎಂದರೆ ಕೈ ಹೋಗುತ್ತದೆ. ನಾನು ಒಂದು ಇಳಿಸಿ ಹಿಡಿದೆ. ಅವನು ಒಪ್ಪಲಿಲ್ಲ, ಆದರೆ ಕೈ ಎಳೆದುಕೊಳ್ಳಲೂ ಇಲ್ಲ. ಮತ್ತೆ ಇಳಿಸಿದೆ. ಅವನ ಹಿಡಿತ ಬಿಗಿಯಾಗಿ ನನ್ನ ಉಗುರಿನ ಬುಡ ಬೆಳ್ಳಗಾಗಿರಬೇಕು ಎಂದುಕೊಂಡೆ. "ಅಷ್ಟು ಬಿದ್ರ ಸಾಯತಾನ. ಸತ್ರ ಅವ್ವನ ಸಂಗತಿ ಕೇಳಾಕ ಯಾರೂ ಉಳ್ಯಾಂಗಿಲ್ಲ," ಎಂದೆ. ಅವನು ಸ್ವಲ್ಪ ಇಳಿದ. ಎಷ್ಟು ಹೊತ್ತಾಯಿತು ನನಗೆ ತಿಳಿಯದು. ಮೇಡಂ ಆಮೇಲೆ ಇಪ್ಪತ್ತು ನಿಮಿಷ ಎಂದರು. ಐದಕ್ಕೆ ಬಂದೆವು, ಮೂರಕ್ಕೆ ಬಂದೆವು. ಮೂರರಲ್ಲಿ ಬಹಳ ಹೊತ್ತು ನಿಂತೆವು. ಕೊನೆಗೆ ಒಂದು ಬೆರಳು.

ಅದಕ್ಕಿಂತ ಕೆಳಗೆ ಹೋಗಲು ದಾರಿಯಿಲ್ಲ. ಟವೆಲಿನ ಕೆಳಗೆ ಸೊನ್ನೆಗೆ ಗುರುತಿಲ್ಲವಲ್ಲ. ಕೈ ಎಳೆದರೆ ಎಲ್ಲವೂ ಮೊದಲಿನ ಬೆಲೆಗೇ ಹೋಗುತ್ತದೆ. ಕೊಡಲಿಯ ಒಂದೇ ಏಟು ಸಾಕು, ಕೊಟ್ಟಿಗೆಯಲ್ಲಿ ಇನ್ನೊಂದು ಹೆಣ ಬೀಳಲು. ಎಣಿಕೆ ಇಳಿಸಲು ಆಗದಿದ್ದಾಗ ಮಾಲು ಬದಲಿಸಬೇಕು ಎಂಬುದು ಅಪ್ಪ ಕಲಿಸಿದ ವ್ಯಾಪಾರ.

"ಒಂದು. ಕಬೂಲ್," ಎಂದೆ. "ಆದ್ರ ಅವಗಲ್ಲ. ಎಣಿಕಿ ಹೇಳಿದಾಂವ ನಾ. ನನಗ."

ಅವನು ನನ್ನನ್ನು ನೋಡಿದ. ನಾನು ಟವೆಲ್ ಸರಿಸಿ, ಬಲಗೈಯನ್ನು ಗ್ವಾದಲಿಯ ಕಲ್ಲಿನ ಅಂಚಿನ ಮೇಲೆ ಇಟ್ಟೆ. ಧೈರ್ಯವಿತ್ತು ಎಂದು ಬರೆದರೆ ಸುಳ್ಳು. ಪ್ಯಾಂಟು ಒದ್ದೆಯಾಗಿತ್ತು. ಅವನು ಎದ್ದು ಕೊಡಲಿಯನ್ನು ಮೇಲೆತ್ತಿದ. ಎತ್ತಿದ ಮೇಲೆ ಗಾಳಿಯಲ್ಲೇ ತಿರುಗಿಸಿ ಹಿಂಬದಿ ಕೆಳಗೆ ಮಾಡಿಕೊಂಡ. ಹೊಡೆದ.

ಎರಡು ಬೆರಳಿನ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ನಾನು ಕೂಗಿದ್ದು ಅಂಗಳದವರಿಗೆಲ್ಲ ಕೇಳಿಸಿತಂತೆ.

ಶರಣಪ್ಪ ಕೊಡಲಿ ಕೆಳಗಿಟ್ಟ. "ಆತು," ಎಂದ.

ಆಗ ಗ್ವಾದಲಿಯ ಕೆಳಗಿನಿಂದ ಈರಣ್ಣನ ದನಿ ಬಂತು. "ಬಾಗಿಲಾ ನಾ ಹಿಡದಿದ್ದೆ, ಶರಣ್ಯಾ. ಹಿಡಿ ಅಂದ, ಅಪ್ಪ. ನನಗ ಹದಿನೇಳು ಇತ್ತು. ಎರಡ ಸಲ ದೂಡಿದ್ಳು ಅವ್ವ. ನೀ ಹೇಳಿದ ಎಣಿಕಿ ಖರೇ ಅದ. ಹೊರಗ ನಾನೂ ಎಣಸಿದ್ದೆ."

ಶರಣಪ್ಪ ಅಣ್ಣನ ಮೈಮೇಲೆ ಬೀಳುತ್ತಾನೆ ಎಂದುಕೊಂಡೆ. ಅವನು ನೆಲದಿಂದ ಟವೆಲ್ ಎತ್ತಿಕೊಂಡ, ಮೊಣಕಾಲೂರಿ ಗ್ವಾದಲಿಯ ಕೆಳಗೆ ಬಾಗಿದ, ಅಣ್ಣನ ಕೈಯನ್ನು ಹೊರಗೆಳೆದು ಗಾಯದ ಮೇಲೆ ಬಿಗಿಯಾಗಿ ಕಟ್ಟಿದ. ಎತ್ತಿನ ಕಾಲಿಗೆ ಕಟ್ಟುವ ಹಾಗೆ, ಎರಡು ಸುತ್ತು ಹಾಕಿ ಒಂದು ಗಂಟು. ಆಮೇಲೆ ಅಲ್ಲೇ ಕೂತು ಮಕ್ಕಳ ಹಾಗೆ ಬಾಯಿ ತೆರೆದು ಅತ್ತ.

ಕಾನ್‌ಸ್ಟೆಬಲ್ ಕೇಳಿದಾಗ ಈರಣ್ಣ, ಬಾಗಿಲು ಕಡಿಯುವಾಗ ಕೊಡಲಿ ಜಾರಿತು ಎಂದ. ನನ್ನ ಬೆರಳನ್ನು ಕೇಳಿದಾಗ ನಾನು ಬಾಗಿಲ ಸಂದಿಯಲ್ಲಿ ಸಿಕ್ಕಿತು ಎಂದೆ. ಅವನು ಬಾಗಿಲಿಲ್ಲದ ಕೊಟ್ಟಿಗೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಬರೆದುಕೊಂಡ. ಮೇಡಂ ಹೇಳಿದ ಮಾತನ್ನು ನಾನು ಒಳಗೆ ನಡೆಸಿದೆ, ಹೊರಗೆ ಬಂದು ಮುರಿದೆ. ಅದಕ್ಕೂ ಬೈಸಿಕೊಂಡೆ.

ಬೈಗುಳ ಜೀಪಿನಲ್ಲೇ ಶುರುವಾಯಿತು. ಹಿಂದಿನ ಸೀಟಿನಲ್ಲಿ ಅಣ್ಣ ತಮ್ಮ ಇಬ್ಬರೂ, ನಡುವೆ ಕಮಲವ್ವ. ಮುಂದೆ ಕೈ ಹಿಡಿದುಕೊಂಡ ನಾನು. "ಬಾಯಿ ಮುಚ್ಕೊಂಡು ಉಳಿಸಬಹುದಾಗಿದ್ದನ್ನ ಬೆರಳ ಮುರಸ್ಕೊಂಡು ಬಿಡಿಸ್ಕೊಂಡಿ," ಎಂದರು ಮೇಡಂ. "ಇದನ್ನ ಶೌರ್ಯ ಅಂತ ಎಲ್ಲೆರ ಹೇಳಿದಿ ಅಂದ್ರ ನಿನ್ನ ಗೈಡ್‌ಶಿಪ್ ಬಿಡತೀನಿ." ಆರು ವಾರ ನನ್ನನ್ನು ವಾರ್ಡಿನಿಂದ ಹೊರಗಿಟ್ಟರು. ನಡೆದದ್ದನ್ನೆಲ್ಲ ಬರೆದು ಕಾನ್ಫರೆನ್ಸಿನಲ್ಲಿ ನಿಂತು ಓದಿಸಿದರು. ಅವರು ಮಾಡಿದ್ದು ಸರಿ. ಕೊಡಲಿಯ ಮುಂದೆ ಕೈ ಇಡುವುದು ಚಿಕಿತ್ಸೆಯಲ್ಲ. ಯಾರೂ ಹಾಗೆ ಮಾಡಬಾರದು. ಅವನು ಕೊಡಲಿ ತಿರುಗಿಸದಿದ್ದರೆ ನಾನು ಇದನ್ನು ಎಡಗೈಯಿಂದ ಬರೆಯಬೇಕಾಗುತ್ತಿತ್ತು.

ಶರಣಪ್ಪ ಹಗ್ಗವಿಲ್ಲದೆ ನಡೆದು ವಾರ್ಡಿಗೆ ಬಂದ. ಹಲ್ಲು ಕಳೆದುಕೊಂಡಿದ್ದ ಅಟೆಂಡರನ ಮುಂದೆ ನಿಂತು ಕೈ ಮುಗಿದ. "ಹಲ್ಲು ಬರ್ತಾವೇನೋ ಕೈ ಮುಗದ್ರ?" ಎಂದು ಅವನು ಹಾಸಿಗೆ ಹಾಸಿಕೊಟ್ಟ. ಸೈಕೋಸಿಸ್ ಎಂಬ ಶಬ್ದವನ್ನು ವೈದ್ಯರು ಹೊಡೆದುಹಾಕಿ, ಬಾಲ್ಯದ ಆಘಾತದಿಂದ ಬಂದ ಕಾಯಿಲೆ ಎಂದು ಬರೆದರು. ಎಂಟು ತಿಂಗಳು ಚಿಕಿತ್ಸೆ ನಡೆಯಿತು. ಆರು ವಾರದ ನಂತರ ನಾನು ವಾರ್ಡಿಗೆ ಮರಳಿದಾಗ, ಬೇರೆ ತರಬೇತಿಯವನು ಬೇಕೇ ಎಂದು ಮೇಡಂ ಅವನನ್ನು ನನ್ನ ಎದುರಿಗೇ ಕೇಳಿದರು. ಅವನು ಯೋಚಿಸಿ, "ಇರ್ಲಿ ಬಿಡ್ರಿ. ಈ ಮನಷ್ಯಾ ಇನ್ನ ಹೇಳಾಂಗಿಲ್ಲ," ಎಂದ. ಶುಕ್ರವಾರಗಳಂದು ಈರಣ್ಣನೂ ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ದೊಡ್ಡ ಹುಚ್ಚಾಸ್ಪತ್ರೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಕಮಲವ್ವ ಅಷ್ಟೂ ದಿನ ತವರಿನಲ್ಲಿದ್ದಳು. ಕೊಟ್ಟಿಗೆ ಕೆಡವಿ, ನೊಗದ ಗೂಟಗಳನ್ನೆಲ್ಲ ಮನೆಯಿಂದ ಹೊರಗೆ ಹಾಕಿದ ಮೇಲೆಯೇ ಬರುತ್ತೇನೆ ಎಂದು ಕರಾರು ಹಾಕಿದಳು, ಕೆಡವಿಸಿದಳು. ಬಂದಳು. ಒಂದು ವರ್ಷದ ನಂತರ ಕೇಳಿದಾಗ, "ಒಮ್ಮಿ ಕೈ ಎತ್ತಿದ್ದ. ತಾನಾ ಇಳಿಸಿದ. ನಾನೂ ಒಲಿ ಮುಂದಿನ ಕಟ್ಟಿಗಿ ತಗೊಂಡಿದ್ದೆ ಅನ್ರಿ," ಎಂದಳು. ನಾನು ಈ ವೃತ್ತಿಯಲ್ಲಿ ನೋಡಿದ ಅತ್ಯಂತ ಗಟ್ಟಿ ಚೌಕಾಸಿ ಅವಳದು.

ಪ್ರಬಂಧ ಬರೆಯುವ ಮೊದಲು ಅಕ್ಕಲಕೋಟೆಗೆ ಹೋಗಿ ಶರಣಪ್ಪನ ಅನುಮತಿ ಕೇಳಿದೆ. ಅವನು ಹೋರಿಯೊಂದರ ಹಲ್ಲು ನೋಡುತ್ತಿದ್ದ. ಕೈ ಒರೆಸಿಕೊಂಡು, "ಎಲ್ಲಾ ಬರಕೋರಿ. ನಾಕ ಮಂದಿಗಿ ಉಪೇಗ ಆಗ್ಲಿ. ಎಣಿಕಿ ಬ್ಯಾಡ," ಎಂದ.

೧೯೯೭ರಲ್ಲಿ ನನ್ನ ವೈವಾ, ಅಂದರೆ ಪದವಿಗೆ ಮುಂಚಿನ ಮೌಖಿಕ ಪರೀಕ್ಷೆ, ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಕೋಷ್ಟಕದ ಒಂದು ಸಾಲಿನ ಮೇಲೆ ಬೆರಳಿಟ್ಟರು. ರೋಗಿ ಕಣ್ಣಾರೆ ಕಂಡ ಏಟುಗಳ ಸಂಖ್ಯೆ ಎಂಬ ಅಂಕಣ ಅಲ್ಲಿ ಖಾಲಿ ಇತ್ತು.

"ಈ ಮಾಹಿತಿ ಸಿಗಲಿಲ್ಲವೇ?"

"ಸಿಕ್ಕಿದೆ ಸರ್."

"ಮತ್ತೆ ಏಕೆ ಬರೆದಿಲ್ಲ?"

"ನನ್ನದಲ್ಲ ಸರ್, ಅದು."

ಅವರು ಮೇಡಂ ಕಡೆ ನೋಡಿದರು. ಮೇಡಂ ಕಿಟಕಿಯ ಹೊರಗೆ ನೋಡುತ್ತ, "ದಲಾಲ ಇದ್ದಾನ ಸರ್ ಅಂವ. ಅವರದು ಹಂಗಾ," ಎಂದರು. ಅಂಕಣ ಖಾಲಿಯಾಗಿಯೇ ಅಚ್ಚಾಯಿತು.

ಈಗ ನಾನೂ ತರಬೇತಿ ಕೊಡುತ್ತೇನೆ. ಹೊಸ ತಂಡದ ಮೊದಲ ದಿನ ಒಬ್ಬೊಬ್ಬರನ್ನೇ ಎದುರು ಕೂರಿಸಿ, ಟವೆಲಿನ ಕೆಳಗೆ ನನ್ನ ಸೊಟ್ಟ ಬೆರಳುಗಳಿಂದ ಅವರ ಬೆರಳು ಹಿಡಿದು ಒಂದು ಎಣಿಕೆ ಹೇಳುತ್ತೇನೆ. ಮರುದಿನ ಎಲ್ಲರ ಮುಂದೆ, ನಿನ್ನೆ ನಾನು ಹೇಳಿದ್ದೆಷ್ಟು ಎಂದು ಕೇಳುತ್ತೇನೆ. ಮೇಷ್ಟ್ರೇ ಕೇಳುತ್ತಿದ್ದಾರಲ್ಲ ಎಂದು ಚುರುಕಿನವರು ಥಟ್ಟನೆ ಹೇಳಿಬಿಡುತ್ತಾರೆ. ಅವರಿಗೆ ಆರು ವಾರ ವಾರ್ಡಿಲ್ಲ. ಸುಮ್ಮನೆ ನನ್ನ ಮುಖ ನೋಡುತ್ತ ನಿಂತವರನ್ನು ಅಂದೇ ರೋಗಿಯ ಬಳಿಗೆ ಕಳಿಸುತ್ತೇನೆ.